ಇಬ್ಬರ ಭಾರಕ್ಕೆ ದೊಡ್ಡ ತಟ್ಟೆ

ಚಿಕ್ಕನಾಯಕನಹಳ್ಳಿ
10 ನವೆಂಬರ್ 2009, ಮಂಗಳವಾರ

ಪ್ರೀತಿಯ 'ರೀ' ಅವರಿಗೆ,

ನಗಬೇಡಿ. ನಿಮ್ಮ ಹೆಸರನ್ನೇ ಬರೆಯೋಣವೆಂದು ಪೆನ್ನು ಎತ್ತಿದೆ, ಅತ್ತೆ ಹಿಂದೆ ಬಂದು ನಿಂತ ಹಾಗಾಯಿತು, ಕೈ ಅಲ್ಲೇ ನಿಂತಿತು. ತಿರುಗಿ ನೋಡಿದರೆ ಯಾರೂ ಇಲ್ಲ, ಬೆಕ್ಕು! ತುಮಕೂರಿನ ಕಾನ್ವೆಂಟಿನಲ್ಲಿ ನಮಗೆ ಹೆಡ್ಮಿಸ್ಸಿಗೆ ರಜಾ ಚೀಟಿ, ಪೇಪರಿನವರಿಗೆ ದೂರು, ಎಲ್ಲವನ್ನೂ ಬರೆಯಲು ಕಲಿಸಿದರು. ಗಂಡನಿಗೆ ಬರೆಯುವ ಪತ್ರವನ್ನು ಹೇಗೆ ಶುರು ಮಾಡಬೇಕೆಂದು ಯಾವ ಮಿಸ್ಸೂ ಹೇಳಲಿಲ್ಲ. ಅದೂ ಕನ್ನಡದಲ್ಲಿ! ನೀವು ಪಿ.ಟಿ. ಮೇಷ್ಟ್ರು, ನನ್ನ ಒತ್ತಕ್ಷರದ ತಪ್ಪುಗಳನ್ನು ಹಿಡಿಯಲಾರಿರಿ ಎನ್ನುವುದೊಂದೇ ಧೈರ್ಯ.

ಹೇಗಿದ್ದೀರಿ? ಧಾರವಾಡದಲ್ಲಿ ಬೆಳಗಿನ ಹೊತ್ತು ಚಳಿಯಂತೆ, ಎಡಗೈ ಮಣಿಕಟ್ಟು ನೋಯುತ್ತಿದೆಯೇ? ನೋವಿಲ್ಲ ಅಂತ ಫೋನಿನಲ್ಲಿ ಎಷ್ಟು ಬೇಗ ಹೇಳಿಬಿಡುತ್ತೀರಿ ಎಂದರೆ ನೋವಿದೆ ಅಂತಲೇ ನನಗೆ ಅರ್ಥವಾಗುತ್ತದೆ. ಟ್ರೈನಿಂಗಿನಲ್ಲಿ ದಂಡ ಹೊಡೆಯಿರಿ ಅಂದರೆ ಪ್ಲಾಸ್ಟರ್ ಬಿಚ್ಚಿ ಇನ್ನೂ ಒಂದೂವರೆ ತಿಂಗಳಾಗಿಲ್ಲ ಅಂತ ಬಾಯಿಬಿಟ್ಟು ಹೇಳಿ, ಮರ್ಯಾದೆಗೆ ಅಂಜಬೇಡಿ. ಮೆಸ್ಸಿನಲ್ಲಿ ದಿನಾ ಜೋಳದ ರೊಟ್ಟಿ ತಿಂದು ನಿಮಗೆ ಮುದ್ದೆಯ ಕನಸು ಬೀಳುತ್ತಿದೆ ಎಂದಿರಲ್ಲ, ಅತ್ತೆ ಅದನ್ನು ಕೇಳಿ ಆವತ್ತು ಒಂದು ಮುದ್ದೆ ಕಡಿಮೆ ಉಂಡರು. ನಾನು ಉಂಡೆ. ಸುಳ್ಳು ಯಾಕೆ ಹೇಳಲಿ, ಬಸ್ಸಾರು ಚೆನ್ನಾಗಿತ್ತು.

ದಿನವೂ ಫೋನ್ ಮಾಡುವವರಿಗೆ ಪತ್ರ ಯಾಕೆ ಅಂತ ಕೇಳುತ್ತೀರಿ. ನಮ್ಮ ಫೋನು ನಡುಮನೆಯಲ್ಲಿದೆ. ನಾನು ರಿಸೀವರ್ ಹಿಡಿದ ಕೂಡಲೇ ಮಾವ ಟಿ.ವಿ. ಸದ್ದು ಕಡಿಮೆ ಮಾಡುತ್ತಾರೆ, ನನಗೆ ಅನುಕೂಲವಾಗಲಿ ಎಂದು! ಅಷ್ಟು ನಿಶ್ಶಬ್ದದಲ್ಲಿ ಹೇಳುವ ವಿಷಯ ಇದಲ್ಲ. ಅಲ್ಲದೆ ಗಾಬರಿಯಾದಾಗ ನನಗೆ ನಗು ಬರುತ್ತದೆ, ತಾಳಿ ಕಟ್ಟುವಾಗಲೂ ಬಂದಿತ್ತಲ್ಲ. ಈ ಮಾತನ್ನು ನಗುತ್ತಾ ಹೇಳಿದರೆ ನೀವು ನನ್ನನ್ನು ಯಾವತ್ತೂ ಕ್ಷಮಿಸಲಾರಿರಿ.

ಇದು ರಯೀಸಣ್ಣನ ವಿಷಯ. ಹೆಸರು ನೋಡಿದೊಡನೆ ಪತ್ರ ಮಡಚಬೇಡಿ, ದಮ್ಮಯ್ಯ. ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವರು ನೀವಿಬ್ಬರೂ ಮಾತು ಬಿಟ್ಟು ಇವತ್ತಿಗೆ ಎಪ್ಪತ್ತೊಂದು ದಿನ. ನಾನು ಕ್ಯಾಲೆಂಡರ್ ನೋಡಿಯೇ ಬರೆಯುತ್ತಿದ್ದೇನೆ. ಆ ಎಪ್ಪತ್ತೊಂದು ದಿನಕ್ಕೂ ನಾನೇ ಕಾರಣ. ಬ್ರೇಕಿನ ತಟ್ಟೆ ಕಾರಣವಲ್ಲ, ಅದನ್ನು ಹಾಕಿದ ಕೈಯೂ ಅಲ್ಲ. ಇಷ್ಟು ಬರೆದ ಮೇಲೆ ಒಮ್ಮೆ ಎದ್ದು ಹೋಗಿ ನೀರು ಕುಡಿದು ಬಂದೆ. ಈಗ ಮೊದಲಿನಿಂದ ಹೇಳುತ್ತೇನೆ. ಅರ್ಧ ನಿಮಗೆ ಗೊತ್ತಿರುವುದೇ, ಆದರೆ ಮೊದಲಿನಿಂದ ಬಂದರೆ ಮಾತ್ರ ಕೊನೆಯದನ್ನು ಹೇಳುವ ಧೈರ್ಯ ನನಗೆ ಬರುತ್ತದೆ.

ಮದುವೆಯಾದ ಹೊಸದರಲ್ಲಿ ನಾನು ನಿಮ್ಮ ಸೈಕಲ್ಲನ್ನು ಗೇರ್ ಸೈಕಲ್ ಅಂದದ್ದಕ್ಕೆ 'ಮೌಂಟನ್ ಬೈಕ್ ಅನ್ನು' ಅಂತ ನೀವು ಮುಖ ಉಬ್ಬಿಸಿಕೊಂಡಿದ್ದಿರಿ, ನೆನಪಿದೆಯೇ? ಅಂಥ ಸೈಕಲ್ಲಿಗೆ ಕ್ಯಾರಿಯರ್ ಹಾಕುವುದು ಪಾಪ ಅಂತ ನೀವೇ ಹೇಳಿದ್ದಿರಿ, ನನಗಾಗಿ ನೀವೇ ಹಾಕಿಸಿದಿರಿ. ರಯೀಸಣ್ಣ ಬೆಸುಗೆ ಹಾಕಿ ಮಾಡಿಕೊಟ್ಟರು, ಅವರಮ್ಮ ಅಮೀನಾ ಬೀ ಹೊಲಿಗೆಯಲ್ಲಿ ಉಳಿದ ಮಖಮಲ್ ಬಟ್ಟೆಯಿಂದ ಅದಕ್ಕೊಂದು ಮೆತ್ತೆ ಹೊಲಿದರು. ಭಾನುವಾರ ಸಂಜೆ ಗುಡ್ಡ ಹತ್ತಿ, ಅಂದರೆ ನೀವು ತಳ್ಳಿ ನಾನು ಮಾತಾಡಿ, ಮೇಲೆ ಕೂತು ಕಡಲೆಕಾಯಿ ತಿಂದು, ಕೆಳಗೆ ಇಷ್ಟಗಲ ಹರಡಿದ ತೆಂಗಿನ ತಲೆಗಳನ್ನು ನೋಡಿ, ಇಳಿಯುವಾಗ ಇಬ್ಬರೂ ಸೈಕಲ್ಲಿನಲ್ಲಿ! ನಾನು ಕಣ್ಣು ಮುಚ್ಚಿ ನಿಮ್ಮ ಷರ್ಟು ಹಿಡಿದುಕೊಳ್ಳುತ್ತಿದ್ದೆ. ಜುಲೈಯಲ್ಲಿ ಒಂದು ಸಂಜೆ ಇಳಿಜಾರಿನ ಕೊನೆಯಲ್ಲಿ ಬ್ರೇಕು ಹಿಡಿದೂ ಹಿಡಿದೂ ಸುಟ್ಟ ವಾಸನೆ ಬಂತು, ಸೈಕಲ್ಲು ನಿಲ್ಲಬೇಕಾದಲ್ಲಿ ನಿಲ್ಲದೆ ಎಮ್ಮೆಗಳ ಮಧ್ಯೆ ಹೋಗಿ ನಿಂತಿತು. ನನಗೆ ಅದೂ ತಮಾಷೆಯೇ. ನಿಮ್ಮ ಮುಖ ಮಾತ್ರ ಬಿಳಿಚಿಕೊಂಡಿತ್ತು.

ಮರುದಿನ ರಯೀಸಣ್ಣ ತಮ್ಮಪ್ಪ ಲಿಯಾಕತ್ ಅಲಿಯವರ ಸೈಕಲ್ ಅಂಗಡಿಯಲ್ಲಿ, ಮುಂದಿನ ಚಕ್ರದ ಡಿಸ್ಕ್ ಬ್ರೇಕಿನ ತಟ್ಟೆಯನ್ನು ಬೆರಳಿನಿಂದ ಟಕ್ ಅನ್ನಿಸಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಇದು ಒಂಟಿ ಜೀವದ ತಟ್ಟೆ ಕಣ್ಲಾ. ನೀನೀಗ ಸಂಸಾರಸ್ಥ. ತಂಗ್ಯಮ್ಮನ್ನೂ ಕೂರ್ಸ್ಕೊಂಡ್ ಗುಡ್ಡ ಇಳಿತೀನಿ ಅಂದ್ರೆ ದೊಡ್ಡದೇ ಬೇಕು." ಎರಡು ಸೆಂಟಿಮೀಟರ್ ದೊಡ್ಡದಾದರೆ ಏನು ಮಹಾ ಅಂತ ನಾನು ಕೇಳಿದೆ. ಅವರು ನಗಲಿಲ್ಲ, ಅಂಗಡಿಯ ಬಾಗಿಲನ್ನೇ ತೋರಿಸಿದರು. ತಿರುಗುವ ಬಾಗಿಲನ್ನು ಕೀಲಿನ ಹತ್ತಿರ ಹಿಡಿದು ನಿಲ್ಲಿಸಿ ನೋಡು, ಅಂಚಿನಲ್ಲಿ ಹಿಡಿದು ನಿಲ್ಲಿಸಿ ನೋಡು ಅಂದರು. ಎರಡನ್ನೂ ಮಾಡಿ ನೋಡಿದೆ. ಹತ್ತು ವರ್ಷ ಇಂಗ್ಲಿಷಿನಲ್ಲಿ ಓದಿದ ಫಿಸಿಕ್ಸ್ ನನಗೆ ಆವತ್ತು ಅರ್ಥವಾಯಿತು ಕಣ್ರೀ! ತಟ್ಟೆ ಅಗಲವಾದಷ್ಟೂ ಹಿಡಿತ ಜಾಸ್ತಿ, ಕಾವೂ ಬೇಗ ಆರುತ್ತದೆ.

ಬೆಂಗಳೂರಿನಿಂದ ನೂರ ಎಂಬತ್ತು ಮಿಲಿಮೀಟರಿನ ತಟ್ಟೆಯೂ, ತಟ್ಟೆಯನ್ನು ಕಚ್ಚುವ ಬ್ರೇಕಿನ ದವಡೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಕೂರಿಸುವ ಆ ಪುಟ್ಟ ತುಂಡೂ ಬರುವ ಹೊತ್ತಿಗೆ ಗೌರಿ ಹಬ್ಬ ಮುಗಿಸಿ ನಾನು ತವರಿನಿಂದ ಬಂದಿದ್ದೆ. ಆ ಭಾನುವಾರ ನಮ್ಮ ಅಂಗಳದಲ್ಲೇ ಕೂತು ಅವರು ಅದನ್ನು ಹಾಕಿದರು. ರಂಜಾನ್ ಉಪವಾಸ. ಹನ್ನೆರಡು ಗಂಟೆ ಬಿಸಿಲು, ಗುಟುಕು ನೀರಿಲ್ಲ. ಆರು ಸ್ಕ್ರೂಗಳನ್ನು ಎದುರು ಬದುರಾಗಿ ಒಂದೊಂದೇ ಸುತ್ತು ಬಿಗಿ ಮಾಡಿದರು, ಹಿಂದೆ ಬಿಳಿ ಹಾಳೆ ಹಿಡಿದು ಚಕ್ರ ತಿರುಗಿಸಿ, ತಟ್ಟೆಯ ಎರಡೂ ಪಕ್ಕ ಬೆಳಕು ಸಮವಾಗಿ ಕಾಣುವ ತನಕ ಬಿಡಲಿಲ್ಲ. ಹೋಗುವಾಗ ನಿಮಗೆ ಹೇಳಿದರು: "ಊರೊಳ್ಗೇ ಮೂವತ್ತ್ ಸಲ ಓಡ್ಸಿ ಹಿಡಿ, ಓಡ್ಸಿ ಹಿಡಿ. ಹೊಸ್ದು ಕಿರ್ ಅಂತದೆ. ಅನ್ಲಿ ಬುಡು, ಕಚ್ಚೋದ್ ಕಲೀತೈತೆ."

ನಾನು ಆಗ ಒಳಗೆ ಒಗ್ಗರಣೆ ಹಾಕುತ್ತಿದ್ದೆ. 'ಕಿರ್ ಅಂತದೆ' ಅನ್ನುವುದು ಕೇಳಿಸಿತು. 'ಅನ್ಲಿ ಬುಡು' ಕೇಳಿಸಲಿಲ್ಲ.

ಸಂಜೆ ನೀವು ಬೀದಿಯಲ್ಲಿ ಓಡಿಸಿ ಹಿಡಿದಾಗಲೆಲ್ಲ ಅದು ಕಿರ್ರೋ ಎಂದು ಕೂಗಿತು. ಅತ್ತೆ ಜಗಲಿಯಿಂದ, "ಏನಪ್ಪಾ ಅದು, ಕುರಿ ಕುಯ್ದಂಗೆ! ಅದಕ್ಕೊಂಚೂರು ಎಣ್ಣೆ ಕಾಣಿಸ್ಬಾರ್ದಾ?" ಅಂದರು. ಈ ಮನೆಯಲ್ಲಿ ಕಿರ್ ಅಂದದ್ದಕ್ಕೆಲ್ಲ ಕೊಬ್ಬರಿ ಎಣ್ಣೆ. ಬಾಗಿಲಿಗೆ, ಬೀಗಕ್ಕೆ, ತೊಟ್ಟಿಲ ಕೊಂಡಿಗೆ, ಹೊಲಿಗೆ ಮಿಷನ್ನಿಗೆ, ಮಾವನ ಮಂಡಿಗೆ. ನಾನು ಬಂದ ಮೊದಲ ವಾರವೇ ಅತ್ತೆ ಎಣ್ಣೆಯ ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ಇನ್ಮ್ಯಾಕೆ ಇದು ನಿಂದು ಕಣಮ್ಮ" ಅಂದಿದ್ದರು. ನಿಮಗೆ ಇದು ಸಣ್ಣ ಮಾತು. ಮುದ್ದೆ ಕಟ್ಟಲು ಬಾರದ, ರಾಗಿ ಹೊಲ ಯಾವುದು ಸಾಮೆ ಹೊಲ ಯಾವುದು ತಿಳಿಯದ ಹುಡುಗಿಗೆ ಈ ಮನೆಯಲ್ಲಿ ಸಿಕ್ಕ ಮೊದಲ ಕೆಲಸ ಅದು. ನನಗೆ ಎಷ್ಟು ಹೆಮ್ಮೆ ಇತ್ತು ಗೊತ್ತೇ?

ಸೋಮವಾರ ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ಬಟ್ಟಲು ಹಿಡಿದು ಹೋದೆ. ಹೊಸ ತಟ್ಟೆ ಹೊಳೆಯುತ್ತಿತ್ತು. ಬೆರಳಿನಿಂದಲೇ ಹಚ್ಚಿದೆ ಕಣ್ರೀ, ಸುತ್ತಲೂ, ಎರಡೂ ಪಕ್ಕ, ನಿಮ್ಮ ತಲೆಗೆ ಹಚ್ಚುವ ಹಾಗೆ. ಹಿಂದಿನ ಚಕ್ರದ ಚಿಕ್ಕ ತಟ್ಟೆಗೆ ಬೇಜಾರಾದೀತೆಂದು ಅದಕ್ಕೂ ಹಚ್ಚಿದೆ. ನೀವು ಶಾಲೆಗೆ ತಡವಾಯಿತೆಂದು ಸೈಕಲ್ ಹತ್ತಿ ಓಡಿದಿರಿ. ಕಂದಿಕೆರೆ ದಾರಿಯಲ್ಲಿ ಮೊದಲು ಸಿಗುವುದು ಏರು. ಏರಿನಲ್ಲಿ ಬ್ರೇಕಿನ ಕೆಲಸವೇ ಇಲ್ಲವಲ್ಲ.

ಏರು ಮುಗಿದು ಇಳಿಜಾರು ಬಂದಾಗ ಎರಡು ಬ್ರೇಕೂ ಹಿಡಿಯಲಿಲ್ಲ, ನೀವು ಬಿದ್ದಿರಿ. ನಿಮ್ಮನ್ನು ರಸ್ತೆ ಪಕ್ಕದಿಂದ ಎತ್ತಿ ಆಸ್ಪತ್ರೆಗೆ ತಂದವರು ರಯೀಸಣ್ಣನೇ. ಗಲ್ಲಕ್ಕೆ ಐದು ಹೊಲಿಗೆ, ಮಣಿಕಟ್ಟಿಗೆ ಪ್ಲಾಸ್ಟರ್. ನೋವಿನಲ್ಲಿ ನೀವು ಅಳಲಿಲ್ಲ, ನನ್ನನ್ನು ನೋಡಿ ಅತ್ತಿರಿ. ಆಮೇಲೆ ಅವರ ಕಡೆ ತಿರುಗಿ, "ಇವಳು ಹಿಂದೆ ಕೂತಿದ್ದಿದ್ರೆ ಏನ್ಲಾ ಮಾಡ್ತಿದ್ದೆ? ಇನ್ಮೇಲೆ ನನ್ನ ಸೈಕಲ್ ಮುಟ್ಬೇಡ ಕಣ್ಲಾ" ಅಂದಿರಿ. ಅಷ್ಟು ಪ್ರೀತಿಯನ್ನೂ ಅಷ್ಟು ಕೋಪವನ್ನೂ ಒಂದೇ ಮಾತಿನಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ಪ್ರೀತಿ ನನಗೆ ಬಂತು, ಕೋಪ ಅವರಿಗೆ ಹೋಯಿತು. ಎರಡೂ ನನಗೇ ಸೇರಬೇಕಿತ್ತು. ಅದೇ ಸಂಜೆ ಮಾವ ಲಿಯಾಕತ್ ಅಲಿಯವರ ಅಂಗಡಿಯ ಮುಂದೆ ನಿಂತು ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಕೇಳುವಂತೆ, "ಟ್ಯೂಬಿಗೆ ತ್ಯಾಪೆ ಹಾಕೋನ್ ಕೈಗೆ ನನ್ ಮಗನ್ ಜೀವ ಕೊಟ್ನಲ್ಲಪ್ಪಾ! ಎಲ್ಲಿಂದ್ಲೋ ತಟ್ಟೆ ತಂದು ಸಿಗ್ಸಿ ಕೆಡವವ್ನೆ!" ಅಂದರಂತೆ. ಈಗ ಗೇರ್ ಸೈಕಲ್ ಇರುವ ಹುಡುಗರು ಯಾರೂ ಅಲ್ಲಿಗೆ ಹೋಗುತ್ತಿಲ್ಲ, ತಿಪಟೂರಿಗೇ ಒಯ್ಯುತ್ತಾರೆ.

ಆಣೆ ಮಾಡಿ ಹೇಳುತ್ತೇನೆ, ಇದೆಲ್ಲ ಎಣ್ಣೆಯಿಂದ ಆಯಿತೆಂದು ನನಗೆ ಕಳೆದ ಬುಧವಾರದವರೆಗೂ ಗೊತ್ತಿರಲಿಲ್ಲ. ಅತ್ತೆಗೆ ಗುಂಡಿ ಬೇಕಾಗಿ, ತಟ್ಟೆ ಬಂದಿದ್ದ ರಟ್ಟಿನ ಡಬ್ಬಿ ತೆಗೆದೆ. ಅವರು ಅದರಲ್ಲಿ ಸೂಜಿ, ದಾರ, ಗುಂಡಿ ಇಟ್ಟುಕೊಂಡಿದ್ದಾರೆ. ತಳದಲ್ಲಿ ಒಂದು ಚೀಟಿ ಮಡಚಿಕೊಂಡಿತ್ತು, ಅಕ್ಷರ ಇರುವೆಯಷ್ಟು ಸಣ್ಣವು, ಪೂರ್ತಿ ಇಂಗ್ಲಿಷು. ನಿಮಗೆ ಗೊತ್ತಲ್ಲ, ಇಂಗ್ಲಿಷಿನಲ್ಲಿದ್ದರೆ ನಾನು ಸೋಪಿನ ಕಾಗದವನ್ನೂ ಓದುವವಳು. ಮೂರನೆಯ ಸಾಲಿನಲ್ಲಿ ದಪ್ಪಕ್ಷರದಲ್ಲಿ ಇತ್ತು: ತಟ್ಟೆಗೆ ಎಣ್ಣೆಯ ಕೈ ಕೂಡ ತಾಗಬಾರದು, ತಾಗಿದರೆ ಬ್ರೇಕು ಹಿಡಿಯುವುದಿಲ್ಲ, ಜೀವಕ್ಕೆ ಅಪಾಯ. ಗುಂಡಿಗಳೆಲ್ಲ ನನ್ನ ಮಡಿಲಿನಿಂದ ಉರುಳಿಹೋದವು. ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಎಣ್ಣೆ ಕಾಣಿಸು ಅಂದೋಳು ನಾನೇ ಅಲ್ವೇನೇ" ಅಂದರು. ಇಬ್ಬರೂ ಕೂತು ಅತ್ತೆವು. ಆಮೇಲೆ ಅವರೇ ಎದ್ದು ಸೆರಗು ಸಿಕ್ಕಿಸಿಕೊಂಡು, "ನಡಿ, ಎಲ್ಲಿಗ್ ಹೋಗ್ಬೇಕೋ ಹೋಗನ" ಅಂದರು.

ಕೊಬ್ಬರಿ ಅಟ್ಟದ ಕೆಳಗೆ ಗೋಣಿ ಹೊದಿಸಿ ಇಟ್ಟಿದ್ದ ನಿಮ್ಮ ಸೈಕಲ್ಲನ್ನು ನಾವಿಬ್ಬರೂ ತಳ್ಳಿಕೊಂಡು ಹೋದೆವು. ನಾನು ಹ್ಯಾಂಡಲ್ ಹಿಡಿದೆ, ಅತ್ತೆ ಕ್ಯಾರಿಯರ್ ಹಿಡಿದರು. ದಾರಿಯಲ್ಲಿ ಓಬಮ್ಮ ಸಿಕ್ಕಿ, "ಏನ್ ಚಿಕ್ಕಗೌರಮ್ಮ, ಸೊಸೆ ಜೊತೆ ಸೈಕಲ್ ಕಲ್ಯಕ್ ಹೊಂಟ್ಯಾ?" ಅಂದರು. "ಹೂಂ ಕಣೇ, ಮುಂದಿನ್ ವಾರ ನಿನ್ನೂ ಕೂರಿಸ್ಕೊಂಡ್ ಹೋಯ್ತೀನಿ" ಅಂದರು ಅತ್ತೆ! ನನಗೆ ಆ ಸ್ಥಿತಿಯಲ್ಲೂ ನಗು.

ಅಂಗಡಿಯಲ್ಲಿ ರಯೀಸಣ್ಣ ಒಬ್ಬರೇ ಇದ್ದರು. ಅಮೀನಾ ಬೀ ಹಿಂದೆ ಮಿಷನ್ ತುಳಿಯುತ್ತಿದ್ದರು. ನಾನು ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿ, "ಗೊತ್ತು ತಂಗ್ಯಮ್ಮ" ಅಂದರು.

ಗೊತ್ತಿತ್ತಂತೆ ಕಣ್ರೀ. ಮೊದಲ ದಿನದಿಂದಲೂ. ನಿಮ್ಮನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದು, ಏನಾಯಿತೆಂದು ತಿಳಿಯಲೇಬೇಕೆಂದು ಅದೊಂದೇ ಸಲ ನಿಮ್ಮ ಮಾತು ಮೀರಿ ಸೈಕಲ್ಲಿನ ಬ್ರೇಕು ಬಿಚ್ಚಿದ್ದಾರೆ. ತಟ್ಟೆಯನ್ನು ಒತ್ತಿ ಹಿಡಿಯುವ ಪ್ಯಾಡ್ ಕೈಗೆ ಬಂದಾಗ ಮೂಗಿನ ಹತ್ತಿರ ಹಿಡಿದಿದ್ದಾರೆ. "ಘಮ್ ಅಂತು. ಈ ತಾಲೂಕಲ್ಲಿ ಹುಟ್ಟಿ ಆ ವಾಸ್ನೆ ಗೊತ್ತಾಗಕಿಲ್ವಾ? ನಿಮ್ಮನೇಲಿ ಎಣ್ಣೆ ಬಟ್ಲು ಯಾರ್ ಕೈಲೈತೆ ಅಂತ್ಲೂ ಗೊತ್ತಿತ್ತು." ಅಂದರು. ಅದೇ ಹೊತ್ತಿಗೆ ಮಾವ ಬಂದು ಬೀದಿಯಲ್ಲಿ ನಿಂತು ಕೂಗಿದ್ದು. ಪ್ಯಾಡ್ ಇವರ ಮುಷ್ಟಿಯಲ್ಲೇ ಇತ್ತಂತೆ. ಮುಷ್ಟಿ ಬಿಚ್ಚಿ ತೋರಿಸಿದ್ದರೆ ಸಾಕಿತ್ತು. ಜೇಬಿಗೆ ಹಾಕಿಕೊಂಡರು. ಯಾಕೆ ಹೇಳಲಿಲ್ಲ ಅಂತ ನಾನು ಕೇಳುವಷ್ಟರಲ್ಲಿ ಅಳುತ್ತಿದ್ದೆ. ಅವರು ಅಂದದ್ದನ್ನು ಹಾಗೆಯೇ ಬರೆಯುತ್ತೇನೆ: "ಮದ್ವೆ ಆಗಿ ನಾಕ್ ತಿಂಗ್ಳು ಆಗಿರ್ಲಿಲ್ಲ ನಿಮ್ಗೆ. ಗಂಡನ್ನ ಬೀಳ್ಸಿದ್ ಸೊಸೆ ಅಂತ ಒಂದ್ ಸಲ ಹೆಸ್ರು ಬಂದ್ರೆ ಈ ಊರಲ್ಲಿ ಸಾಯೋಗಂಟ ಹೋಗಕಿಲ್ಲ. ನಂದು ಮೆಕ್ಯಾನಿಕ್ ಹೆಸ್ರು. ನಾಕ್ ಸೈಕಲ್ ಚೆನ್ನಾಗ್ ಮಾಡ್ಕೊಟ್ರೆ ವಾಪಸ್ ಬತ್ತದೆ." ಅಮೀನಾ ಬೀ ಒಳಗಿನಿಂದಲೇ, "ಅಷ್ಟ್ ದೊಡ್ ಕಾನ್ವೆಂಟು, ಬ್ರೇಕಿಗೆ ಎಣ್ಣೆ ಹಾಕ್ಬಾರ್ದು ಅಂತ ಒಂದ್ ಮಾತು ಹೇಳ್ಕೊಡ್ಲಿಲ್ವಾ ತಾಯಿ?" ಅಂದು ಎದ್ದು ಬಂದು ನನ್ನ ಕಣ್ಣು ಒರೆಸಿದರು. ಅವರ ಬೆರಳಲ್ಲಿ ಸೀಮೆಸುಣ್ಣ ಇತ್ತು, ನನ್ನ ಮುಖವೆಲ್ಲ ನೀಲಿ.

ಹಾಗಾದರೆ ಈಗ ಸರಿಮಾಡಿ ಕೊಡಿ ಅಂದೆ. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಮುಟ್ಬೇಡ ಅಂದವ್ನೆ ಅರುಣ. ಅವ್ನು ಅನ್ನೋವರ್ಗೂ ಮುಟ್ಟಕಿಲ್ಲ." ಎಷ್ಟು ಬೇಡಿದರೂ ಕೈ ಮುಂದೆ ಬರಲಿಲ್ಲ. ಕೋಪದಿಂದಲ್ಲ, ಮುಖದಲ್ಲಿ ಕೋಪವೇ ಇರಲಿಲ್ಲ. ಕೊನೆಗೆ ಅವರು ಬಾಯಲ್ಲಿ ಹೇಳುತ್ತಾ ಹೋದರು, ನಾನು ಕೈಯಲ್ಲಿ ಮಾಡುತ್ತಾ ಹೋದೆ. ಹೌದು, ನಾನು! ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಎರಡೂ ತಟ್ಟೆ ಒರೆಸಿದೆ, ಮತ್ತೊಂದು ಬಟ್ಟೆ, ಮತ್ತೊಂದು, ಬಟ್ಟೆ ಬೆಳ್ಳಗೇ ಉಳಿಯುವ ತನಕ. ಹೊಸ ಪ್ಯಾಡ್ ಕೂರಿಸಿದೆ. ತಲೆಕೆಳಗಾಗಿ ಹಾಕಿದಾಗ ಅವರ ಕೈ ಒಮ್ಮೆ ಬೆನ್ನಿನಿಂದ ಬಿಡಿಸಿಕೊಂಡು ಮುಂದೆ ಬಂತು. ಅರ್ಧ ದಾರಿಯಲ್ಲೇ ವಾಪಸು ಹೋಯಿತು. ಅದನ್ನು ನೋಡಿದ್ದರೆ ನೀವು ಆವತ್ತೇ ರೈಲು ಹತ್ತಿ ಬರುತ್ತಿದ್ದಿರಿ.

ನನ್ನನ್ನು ಬಯ್ಯಿರಿ, ನಿಮಗೆ ಹಕ್ಕಿದೆ. ಒಂದು ವಾರ ಫೋನಿನಲ್ಲಿ ಮಾತಾಡದೆ ಇರಿ ಬೇಕಾದರೆ. (ಒಂದು ವಾರ ಬೇಡ, ಎರಡು ದಿನ.) ನಿಮ್ಮ ಗಲ್ಲದ ಆ ಗೆರೆ ನನ್ನ ಕೈಯಿಂದ ಆದದ್ದೆಂದು ತಿಳಿದ ಮೇಲೆ ನಮ್ಮ ಮದುವೆಯ ಫೋಟೋ ನೋಡಲೂ ಆಗುತ್ತಿಲ್ಲ, ಅದರಲ್ಲಿ ಆ ಗೆರೆ ಇಲ್ಲವಲ್ಲ. ಆದರೆ ತಿಪಟೂರಿನವರಿಂದ ದೊಡ್ಡ ತಟ್ಟೆ ಬಿಚ್ಚಿಸಿ ಮತ್ತೆ ಚಿಕ್ಕದನ್ನು ಹಾಕಿಸುತ್ತೇನೆ ಅಂತ ಮೊನ್ನೆ ಫೋನಿನಲ್ಲಿ ಅಂದಿರಲ್ಲ, ಅದೊಂದು ಬೇಡ. ಅದು ನಮ್ಮಿಬ್ಬರ ತೂಕಕ್ಕೆಂದು ನಿಮ್ಮ ಸ್ನೇಹಿತ ಉಪವಾಸದಲ್ಲಿ ಕೂತು ಹಾಕಿದ್ದು. ನಾನು ಇನ್ನೂ ಆ ಮಖಮಲ್ ಮೆತ್ತೆಯ ಮೇಲೆ ಕೂತು ಗುಡ್ಡ ಇಳಿಯಬೇಕು, ಈ ಸಲ ಕಣ್ಣು ಬಿಟ್ಟುಕೊಂಡು.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಚಕ್ಕುಲಿ ಪೊಟ್ಟಣ ಬೇರೆ ಬರುತ್ತದೆ. ರೂಮಿನವರಿಗೆಲ್ಲ ಹಂಚಿ, ಆದರೆ ಮೊದಲು ನೀವು ತಿನ್ನಿ. ಮಣಿಕಟ್ಟಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ಸ್ವೆಟರ್ ಹಾಕಿಕೊಳ್ಳಿ. ನಿಮ್ಮ ದಿಂಬನ್ನು ನಾನೇ ಇಟ್ಟುಕೊಂಡಿದ್ದೇನೆ, ಕೊಡುವುದಿಲ್ಲ.

ತಪ್ಪು ಮಾಡಿದರೂ ನಿಮ್ಮವಳೇ ಆದ,
ಭವ್ಯಶ್ರೀ

ತಾ.ಕ.: ಕವರು ಅಂಟಿಸುವ ಮೊದಲು ಮಾವನಿಗೂ ಹೇಳಿಬಿಟ್ಟೆ. ಅತ್ತೆ ನನ್ನ ಪಕ್ಕ ನಿಂತಿದ್ದರು. ಮಾವ ಟವಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಕಿಟಕಿಯಿಂದ ನೋಡುತ್ತಿದ್ದೇನೆ, ಅವರ ಹಳೇ ಸೈಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮುಂದಿನ ಟೈರಿನ ಗಾಳಿಯನ್ನು ತಾವೇ ಬುಸ್ಸೆಂದು ಬಿಟ್ಟರು! ಈಗ ಅದನ್ನು ತಳ್ಳಿಕೊಂಡು ಲಿಯಾಕತ್ ಅಂಗಡಿಯ ಕಡೆ ಹೊರಟಿದ್ದಾರೆ. ಪಂಪು ಮನೆಯಲ್ಲೇ ಇದೆ, ಜಗಲಿಯ ಮೇಲೆ. ಇನ್ನುಳಿದವರು ನೀವೊಬ್ಬರೇ. 21ನೇ ತಾರೀಖು ಶನಿವಾರ ತಿಪಟೂರಿನಲ್ಲಿ ರೈಲಿಳಿದು ಬಸ್ಸು ಹತ್ತಿ ಬಂದಾಗ ಸೀದಾ ಮನೆಗೆ ಬರಬೇಡಿ. ನಾನು ಬಾಗಿಲಲ್ಲಿ ಕಾಯುತ್ತಿರುತ್ತೇನೆ, ಆದರೂ ಬರಬೇಡಿ. ನಿಮ್ಮ ಸೈಕಲ್ಲನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೇನೆ. ಬ್ರೇಕಿನ ಎರಡು ಬೋಲ್ಟ್ ಬಿಗಿ ಮಾಡುವುದು ಬಾಕಿ, ನನ್ನ ಕೈಯಲ್ಲಿ ಆಗಲಿಲ್ಲ, ರಯೀಸಣ್ಣ ಮುಟ್ಟುವುದಿಲ್ಲ. ಮೊದಲು ಅಲ್ಲಿಗೆ ಹೋಗಿ, ಚೀಲ ಕೆಳಗಿಡುವ ಮೊದಲೇ, "ಮುಟ್ಲಾ" ಅನ್ನಿ. ಅಷ್ಟು ಸಾಕು ಕಣ್ರೀ.